‘ಏನು’ ಎಂಬ ಕಾಲಮಿನಲ್ಲಿ ರೂಪಾಲಿ

ಒಂದೇ ಕೆಲಸವನ್ನು ಎರಡು ಸಲ ಮಾಡುವುದು ದಡ್ಡತನ ಎಂಬ ಮಾತನ್ನು ಮಲಕಪ್ಪ ದಿನಕ್ಕೆ ಹತ್ತು ಸಲ ಹೇಳುತ್ತಿದ್ದ. ದಾಂಡೇಲಿಯ ಕಾಗದದ ಮಿಲ್ಲಿನಲ್ಲಿ ಇಪ್ಪತ್ತೊಂಬತ್ತು ವರ್ಷ ಹಾಜರಿ ಬರೆದು ನಿವೃತ್ತನಾದ ಮೇಲೆ, ಮಗಳಿಗಿಂತ ಚಿಕ್ಕವರ ಜೊತೆ ಬೆಂಚಿನ ಮೇಲೆ ಕುಳಿತು ಮೂರು ತಿಂಗಳ ಕಂಪ್ಯೂಟರ್ ಕ್ಲಾಸು ಮುಗಿಸಿ ಬಂದಿದ್ದ. ಆ ಮಾತು ಅಲ್ಲಿಯ ಮಾಸ್ತರರದು. ಉಳಿದ ಪಾಠದಲ್ಲಿ ಅರ್ಧ ಮರೆತರೂ ಮಲಕಪ್ಪ ಅದೊಂದನ್ನು ಗುರುಮಂತ್ರದ ಹಾಗೆ ಹಿಡಿದುಕೊಂಡ. ಉಪ್ಪಿನ ಡಬ್ಬಿಗೊಂದು, ಸಕ್ಕರೆ ಡಬ್ಬಿಗೊಂದು ಚಮಚ ಯಾಕೆ ಎಂದು ಮನೆಯಲ್ಲಿ ಕೇಳಿದ. ಹೆಂಡತಿ ಕೆಂಚವ್ವ ವಾದ ಮಾಡುವವಳಲ್ಲ. ಒಂದು ವಾರ ಎರಡಕ್ಕೂ ಒಂದೇ ಚಮಚ ಹಾಕಿ ಚಹಾ ಮಾಡಿ ಕೊಟ್ಟಳು. “ಎರಡೂ ಒಂದ ಆದ್ವಲ್ರಿ, ಕುಡೀರಿ ಈಗ” ಎಂದಳು. ಮಲಕಪ್ಪ ಕುಡಿದ, ತತ್ವವನ್ನು ಮಾತ್ರ ಬಿಡಲಿಲ್ಲ.

ಮಿಲ್ಲಿನ ಕೆಲಸಕ್ಕೆಂದು ಧಾರವಾಡ, ಬೆಳಗಾವಿ ಕಡೆಯಿಂದ ಬಂದ ಮನೆತನಗಳು ಸೇರಿ ಮಾರುತಿ ಸೇವಾ ಮಂಡಳ ಎಂದು ಕಟ್ಟಿಕೊಂಡಿದ್ದವು. ಅದಕ್ಕೆ ಮಲಕಪ್ಪ ಕಾರ್ಯದರ್ಶಿ. ಮಂಡಳದ ಕೆಲಸ ನಾಲ್ಕು. ಮದುವೆ ಮುಂಜಿವೆಗೆ ಅಡುಗೆಯ ದೊಡ್ಡ ದೊಡ್ಡ ಭಾಂಡೆ ಕೊಡುವುದು, ಓದುವವರಿಗೆ ಪುಸ್ತಕ ಕೊಡುವುದು, ತನ್ನ ಮಂಟಪದಲ್ಲಿ ಆದ ಮದುವೆಗಳನ್ನು ನೋಂದಿಸುವುದು, ಆಸ್ಪತ್ರೆಯಲ್ಲಿ ಇರುವವರಿಗೆ ರಕ್ತ ಕೊಡಿಸುವುದು. ಯಾರೋ ಪುಣ್ಯಾತ್ಮರು ಹಳೆಯ ಕಂಪ್ಯೂಟರೊಂದನ್ನು ದಾನ ಮಾಡಿದಾಗ ಮಲಕಪ್ಪ ನಾಲ್ಕು ಕೆಲಸಕ್ಕೂ ನಾಲ್ಕು ಪ್ರೋಗ್ರಾಮು ಬರೆದ. ನಾಲ್ಕೂ ನಡೆದವು. ಎರಡು ವರ್ಷ ಎಲ್ಲರೂ ಸುಖವಾಗಿದ್ದರು.

ಆಮೇಲೆ ಮಂಡಳದ ಫೋನ್ ನಂಬರು ಬದಲಾಯಿತು.

ನಂಬರನ್ನು ನಾಲ್ಕು ಕಡೆ ತಿದ್ದಬೇಕು. ಮಲಕಪ್ಪ ಮೂರು ಕಡೆ ತಿದ್ದಿದ. ಮದುವೆಯ ಪ್ರೋಗ್ರಾಮು ಮರೆತುಹೋಯಿತು. ಹಳೆಯ ನಂಬರು ಹೋಗಿ ಒಂದು ಕೋಳಿ ಅಂಗಡಿಯಲ್ಲಿ ಕುಳಿತಿತ್ತು. ಅಧ್ಯಕ್ಷ ಕರಿಬಸಪ್ಪ ಕಟ್ಟಾ ಶಾಕಾಹಾರಿ. ಅವರ ತಂಗಿಯ ಮನೆಯವರೇ ಮಂಟಪ ಕೇಳಲು ಅಲ್ಲಿಗೆ ಫೋನು ಮಾಡಿದರು.

“ಲಗ್ನಕ್ಕ ಮಂಟಪ ಖಾಲಿ ಐತೇನ್ರಿ ಅಂತ ಕೇಳಿದರ, ಎಷ್ಟ ಕಿಲೋ ಬೇಕ್ರಿ, ಕೊಯ್ದ ಕೊಡಲೋ ಜೀವಂತ ಕೊಡಲೋ ಅಂದನಂತ” ಎಂದು ಕರಿಬಸಪ್ಪ ಸಭೆಯಲ್ಲಿ ಮೇಜು ಬಡಿದರು. “ಮಲಕಪ್ಪ, ಇನ್ನೊಮ್ಮೆ ಹಿಂಗಾದರ ಆ ಡಬ್ಬಿ ಒಯ್ದು ಕಾಳಿ ನದಿಗೆ ಒಗೀತೇನಿ.”

ಅಂದಿನಿಂದ ಮಲಕಪ್ಪನಿಗೆ ಊಟ ರುಚಿಸದಾಯಿತು. ನಾಲ್ಕು ಪ್ರೋಗ್ರಾಮು ಎಂದರೆ ಒಂದು ತಪ್ಪಿಗೆ ನಾಲ್ಕು ಬಾಗಿಲು. ನಾಲ್ಕೂ ಒಂದಾಗುವ ದಾರಿ ಎಲ್ಲಿದೆ? ದಾರಿ ಸಿಕ್ಕಿದ್ದು ಪಕ್ಕದ ಮನೆಯ ನೀಲಕ್ಕನಿಂದ. ಆಕೆ ಬಾಗಿಲಲ್ಲಿ ನಿಂತು ಕೆಂಚವ್ವನನ್ನು ಕೇಳುತ್ತಿದ್ದಳು: “ನಿನ್ನ ಶಾವಗಿ ಒತ್ತೂ ಒರಳು ಕೊಡವಾ, ನಾಳಿ ತಂದ ಕೊಡ್ತೇನಿ.”

ಮಲಕಪ್ಪ ಹಿಡಿದ ತುತ್ತನ್ನು ತಟ್ಟೆಯಲ್ಲಿ ಬಿಟ್ಟು ಎದ್ದ. ಕೊಟ್ಟವರು ಯಾರು, ತಗೊಂಡವರು ಯಾರು, ಏನು, ಎಂದು, ತಿರುಗಿ ಬಂದದ್ದು ಎಂದು. ಐದೇ ಕಾಲಮು. ಭಾಂಡೆಗೂ ಅದೇ, ಪುಸ್ತಕಕ್ಕೂ ಅದೇ, ರಕ್ತಕ್ಕೂ ಅದೇ. ಮದುವೆಗೆ? ಮದುವೆಯಲ್ಲಿ ತಂದೆ ಕನ್ಯೆಯನ್ನು ಧಾರೆಯೆರೆದು ಕೊಡುತ್ತಾನೆ, ಬೀಗರು ತೆಗೆದುಕೊಳ್ಳುತ್ತಾರೆ. ಅದೂ ಅದೇ. ಋಷಿಗಳಿಗೆ ಕಾಡಿನಲ್ಲಿ ತಪಸ್ಸು ಮಾಡಿ ಸಿಕ್ಕಿದ್ದು ಮಲಕಪ್ಪನಿಗೆ ಎಂಜಲು ಕೈಯಲ್ಲಿ ಸಿಕ್ಕಿತು.

ಹತ್ತು ದಿನದಲ್ಲಿ ನಾಲ್ಕು ಪ್ರೋಗ್ರಾಮು ಅಳಿಸಿ ಒಂದು ಬರೆದ. ಒಂದೂವರೆ ಸಾವಿರ ಸಾಲು ಇದ್ದದ್ದು ಮುನ್ನೂರಕ್ಕೆ ಇಳಿಯಿತು. ಕರಿಬಸಪ್ಪ ಕಾಯಿ ಒಡೆದು ಗುಂಡಿ ಒತ್ತಿದರು. ಯಾರು ಯಾರು ತೆಗೆದುಕೊಂಡು ಹೋದದ್ದನ್ನು ತಿರುಗಿ ತಂದಿಲ್ಲವೋ ಅವರಿಗೆಲ್ಲ ತಗಾದೆಯ ಕಾಗದ ಮುದ್ರಣವಾಗಿ ಬರತೊಡಗಿತು. ಹಿಂದೆ ಇದು ಭಾಂಡೆಗೆ ಮಾತ್ರ ಇತ್ತು. ಈಗ ಎಲ್ಲ ಒಂದೇ. ಮಲಕಪ್ಪ ಮೇಲಿನ ಕಾಗದವೊಂದನ್ನು ಓದಿ ನೋಡಿದ. ಮೌಳಂಗಿ ಊರಿನವರೊಬ್ಬರು ಒಯ್ದ ಹಿತ್ತಾಳೆ ಹಂಡೆಯದು. ಒಂದಕ್ಷರ ತಪ್ಪಿರಲಿಲ್ಲ. ಪ್ರೋಗ್ರಾಮು ಒಂದೇ ಆದ ಮೇಲೆ ಒಂದು ಸರಿ ಇದ್ದರೆ ಎಲ್ಲ ಸರಿ. ನೂರಾ ಎಂಬತ್ತು ಕಾಗದ ಮಡಚಿ, ಸಹಿ ಹಾಕಿ, ಅಂದೇ ಅಂಚೆಗೆ ಹಾಕಿ ಬಂದ.

ಮೂರನೆಯ ದಿನ ಬೆಳಿಗ್ಗೆ ಮಂಡಳದ ಬಾಗಿಲು ತೆಗೆಯುವ ಹೊತ್ತಿಗೆ ಮೆಟ್ಟಿಲ ಮೇಲೆ ಒಬ್ಬ ಕುಳಿತಿದ್ದ. ಮುಂಡಗೋಡ ಕಡೆಯ ಇಂದೂರಿನ ರೂಪ್ಲಪ್ಪ. ಅಂಗಿಯ ತೋಳನ್ನು ಭುಜದ ತನಕ ಮಡಚಿಕೊಂಡಿದ್ದ.

“ನಸುಕಿನ ಬಸ್ಸಿಗೆ ಬಂದೇನ್ರಿ. ಹೋದ ವರ್ಷ ಆಪರೇಷನ್ನಿಗೆ ನಿಮ್ಮ ಮಂಡಳದವರು ಎರಡ ಬಾಟ್ಲಿ ರಕ್ತ ಕೊಟ್ಟಿದ್ರಿ. ಉಪಕಾರ ಮರಿಯಾಂವ ಅಲ್ರಿ ನಾನು. ತಗೋರಿ” ಎಂದು ತೋಳು ಮುಂದೆ ಚಾಚಿದ. ಆಮೇಲೆ ಕಿಸೆಯಿಂದ ಕಾಗದ ತೆಗೆದು ಸಂಕೋಚದಿಂದ ಕೇಳಿದ: “ತೊಳದು ಒಣಗಿಸಿ ಕೊಡಬೇಕು ಅಂತ ಬರದೀರಿ. ಅದ ಹೆಂಗ ಮಾಡ್ಲಿ ಅಂತ ತಿಳೀಲಿಲ್ರಿ.”

ಮಲಕಪ್ಪ ಕಾಗದ ಕಸಿದುಕೊಂಡು ಓದಿದ. ಹಂಡೆಗೆ ಬರೆದ ಒಕ್ಕಣೆಯೇ ರಕ್ತಕ್ಕೂ ಹೋಗಿತ್ತು. ಅಷ್ಟರಲ್ಲಿ ಟಪಾಲಿನವ ಬಂದು ಒಂದು ಕಾರ್ಡು ಕೊಟ್ಟ. ಹತ್ತಿರದ ರಾಮನಗರದಿಂದ ಯಾರೋ ಅತ್ತೆಯೊಬ್ಬಳು ಬರೆಸಿದ್ದಳು: ನೀವು ಸೊಸೆಯನ್ನು ಮುಚ್ಚಳ ಸಮೇತ ತಿರುಗಿ ಕಳಿಸಲು ಹೇಳಿದ್ದೀರಿ, ಬರುವಾಗ ಆಕೆಯ ಜೊತೆ ಮುಚ್ಚಳ ಬಂದಿರಲಿಲ್ಲ, ಇಲ್ಲದ್ದನ್ನು ನಾವು ಎಲ್ಲಿಂದ ತರೋಣ.

ಕೊನೆಗೆ ಬಂದವಳು ಗೌರಿಬಾಯಿ. ಹಳಿಯಾಳದ ಆಚೆಯ ತಾಂಡಾದ ಮುದುಕಿ. ಆಕೆ ಜಗಳಕ್ಕೆ ಬಂದಿರಲಿಲ್ಲ. ಕಾಗದವನ್ನು ಸೆರಗಿನ ತುದಿಯಿಂದ ಬಿಚ್ಚಿ ಮೇಜಿನ ಮೇಲೆ ಇಟ್ಟಳು.

“ರಕ್ತ ತಗೊಂಡಾಂವ ನನ್ನ ಗಂಡ್ರಿ. ತಗೊಂಡ ಮೂರನೇ ದಿನಕ್ಕ ದೇವರ ಹಂತ್ಯಾಕ ಹೋದ. ತಿರುಗಿ ಕೊಡ್ರಿ ಅಂತ ಬರದೀರಿ. ಅಂವ ಈಗ ಇರೂ ಊರಿನ ವಿಳಾಸ ನನಗ ಗೊತ್ತಿಲ್ರಿ. ನಿಮ್ಮ ಮಶೀನಿಗೆ ಗೊತ್ತಿದ್ದರ ಒಂದ ಚೀಟಿ ಅಲ್ಲಿಗೂ ಹಾಕ್ರಿ.”

ಮಲಕಪ್ಪ ಎದ್ದು ನಿಂತು ಕೈ ಮುಗಿದ. ಆಕೆ ಹೋದ ಮೇಲೆ ಬಹಳ ಹೊತ್ತು ಕುರ್ಚಿಯಲ್ಲಿ ಕೂಡಲಿಲ್ಲ. ಆಮೇಲೆ ಒಂದು ವಿಚಾರ ಹೊಳೆಯಿತು. ಮಂಡಳದ ಮಂಟಪದಲ್ಲಿ ಆದ ಮದುವೆಗಳ ಯಾದಿ ತೆಗೆದ. ಬೆರಳು ಕೆಳಗಿಳಿಯುತ್ತ ಹೋಗಿ ಕೊನೆಯ ಸಾಲಿನಲ್ಲಿ ನಿಂತಿತು. ಕೊಟ್ಟವರು: ಮಲಕಪ್ಪ, ದಾಂಡೇಲಿ. ತಗೊಂಡವರು: ದ್ಯಾಮಪ್ಪ, ಹಳಿಯಾಳ. ಏನು: ರೂಪಾಲಿ, ಸಂಖ್ಯೆ ಒಂದು.

ಮಗಳ ಮದುವೆಯಾಗಿ ಮೂರು ತಿಂಗಳಾಗಿತ್ತು. ಬೀಗ ದ್ಯಾಮಪ್ಪ ಕಟ್ಟಿಗೆ ಡಿಪೋದಲ್ಲಿ ಮೂವತ್ತು ವರ್ಷ ಗೇಟಿನ ಕಾವಲು ಮಾಡಿದವನು. ಪಾಸು ಇಲ್ಲದೆ ಒಂದು ಕಡ್ಡಿಯನ್ನೂ ಹೊರಗೆ ಬಿಟ್ಟವನಲ್ಲ, ರಸೀದಿ ಇಲ್ಲದೆ ಒಂದು ಕಡ್ಡಿಯನ್ನೂ ಒಳಗೆ ಇಳಿಸಿದವನಲ್ಲ. ಬರೆದದ್ದು ಅವನ ಪಾಲಿಗೆ ವೇದ. ಅದರ ಮೇಲೆ, ಮದುವೆಯ ದಿನ ಅವನನ್ನು ಎರಡನೆಯ ಪಂಕ್ತಿಯಲ್ಲಿ ಊಟಕ್ಕೆ ಕೂರಿಸಿದ್ದರು. ಅದನ್ನು ಅವನು ಮರೆತಿರಲಿಲ್ಲ. ಬರುವ ವಾರ ಪಂಚಮಿ. ಮೊದಲ ಪಂಚಮಿಗೆ ಮಗಳನ್ನು ತವರಿಗೆ ಕರೆಯಬೇಕು. ಕರೆಯಲು ಹಣ್ಣು ಕಾಯಿ ಹಿಡಿದುಕೊಂಡು ಹೋಗಬೇಕು. ಮಲಕಪ್ಪ ಅದಕ್ಕೆ ಬದಲಾಗಿ ತಗಾದೆ ಕಳಿಸಿದ್ದ.

ಕೆಂಚವ್ವನಿಗೆ ಹೇಳದೆ ಗತಿ ಇರಲಿಲ್ಲ. ಆಕೆ ಕಾಗದದ ಇನ್ನೊಂದು ಪ್ರತಿಯನ್ನು ನೀಲಕ್ಕನಿಂದ ಓದಿಸಿದಳು. ನೀಲಕ್ಕ ಸ್ವಚ್ಛವಾಗಿ, ಓಣಿಗೆಲ್ಲ ಕೇಳುವ ಹಾಗೆ ಓದಿದಳು:

“ಮಾನ್ಯರೇ, ತಾವು ನಮ್ಮಿಂದ ಪಡೆದ ರೂಪಾಲಿ, ಸಂಖ್ಯೆ ಒಂದು, ಇದುವರೆಗೆ ಹಿಂದಿರುಗಿರುವುದಿಲ್ಲ. ಈ ಪತ್ರ ತಲುಪಿದ ಎಂಟು ದಿನದೊಳಗೆ ಸದರಿಯನ್ನು ಚೆನ್ನಾಗಿ ತೊಳೆದು, ಒಣಗಿಸಿ, ನೆಗ್ಗಿದ್ದಲ್ಲಿ ಬಡಿಸಿ ಸರಿಮಾಡಿ, ಮುಚ್ಚಳ ಸಮೇತ ಮಂಡಳದ ಕಚೇರಿಗೆ ತಲುಪಿಸಿ ರಸೀದಿ ಪಡೆಯತಕ್ಕದ್ದು. ತಪ್ಪಿದಲ್ಲಿ ಮುಂದೆ ತಮ್ಮ ಮನೆಗೆ ಏನನ್ನೂ ಕೊಡಲಾಗುವುದಿಲ್ಲ. ಇಂತಿ, ಮಲಕಪ್ಪ.”

“ಬಡಿಸಿ ಸರಿಮಾಡಿ ಅಂತ ಅಪ್ಪನ ಬರದಾನಲ್ಲವಾ” ಎಂದು ನೀಲಕ್ಕ ಬಾಯಿಯ ಮೇಲೆ ಕೈ ಇಟ್ಟುಕೊಂಡಳು.

ಕೆಂಚವ್ವ ಅಳಲಿಲ್ಲ. ಗಂಡನ ಮುಂದೆ ಅವನ ಚಪ್ಪಲಿ ತಂದು ಇಟ್ಟಳು. “ಮೊದಲನೇ ಬಸ್ಸಿಗೆ ಹೋಗ್ರಿ. ಕಾಲ ಬೀಳ್ರಿ, ಏನರ ಮಾಡ್ರಿ. ನನ್ನ ಮಗಳ ಸಂಸಾರ ಮುರಿದರ, ನೀವು ಮತ್ತ ನಿಮ್ಮ ಆ ಮಶೀನು ಒಂದ ಚಮಚಾದಾಗ ಉಣ್ಣಬೇಕಾಗತೈತಿ.”

ಮಲಕಪ್ಪ ಹಳಿಯಾಳಕ್ಕೆ ಹೋದ. ದ್ಯಾಮಪ್ಪನ ಮನೆಯ ಕಟ್ಟೆಯ ಮೇಲೆ ಬಿಸಿಲು ಹಣಿಕಿ ಹಾಕಿ ಹೋಗುತ್ತಿತ್ತು. ಅಲ್ಲಿ ರೂಪಾಲಿ ಕೂದಲು ಹರಡಿಕೊಂಡು ಕುಳಿತಿದ್ದಳು. ತಲೆಗೆ ಎರೆದಿದ್ದರು. ಅತ್ತೆ ಗೋದುಬಾಯಿ ಕೂದಲು ಒಣಗಿತೋ ಇಲ್ಲವೋ ಎಂದು ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ತಂದೆಯನ್ನು ಕಂಡು ರೂಪಾಲಿ ಎದ್ದಳು. ಒಳಗಿನಿಂದ ಬಂದ ದ್ಯಾಮಪ್ಪ ಒಂದು ಲೋಟ ನೀರು ಕೂಡ ಕೊಡಿಸಲಿಲ್ಲ. ಬೀಗರ ಮನೆಯಲ್ಲಿ ಅದಕ್ಕಿಂತ ದೊಡ್ಡ ಬೈಗುಳ ಇಲ್ಲ.

“ಬೀಗರ, ಅದು ಕಂಪ್ಯೂಟರಿನ ತಪ್ಪು” ಎಂದ ಮಲಕಪ್ಪ.

“ಸಹಿ ಯಾರದ್ರಿ?”

“ಸಹಿ ನಂದ. ಆದರ ನಾ ಓದಿರಲಿಲ್ಲ.”

“ಓದದ ಸಹಿ ಮಾಡಿದವರನ್ನ ನಮ್ಮ ಡಿಪೋದಾಗ ಅಮಾನತ ಮಾಡತಿದ್ರು.” ದ್ಯಾಮಪ್ಪ ಕಾಗದವನ್ನು ಕನ್ನಡಕದ ಹತ್ತಿರ ತಂದ. “ಎಂಟ ದಿನ ಗಡುವು ಕೊಟ್ಟೀರಿ. ಆರ ದಿನ ಉಳದಾವ. ಗಡುವಿನೊಳಗ ಮಾಲು ಮುಟ್ಟತೈತಿ. ನೀವಿನ್ನ ಹೋಗ್ರಿ.”

“ಮಾವಾರ, ಅಪ್ಪ ಹೇಳೂದರ ಕೇಳ್ರಿ” ಎಂದಳು ರೂಪಾಲಿ.

“ಯವ್ವಾ, ನೀ ಕುಂಡ್ರು. ನೆರಳ ಬಂತು ನೋಡ, ಬಿಸಲಿಗೆ ಸರಕೋ” ಎಂದ ದ್ಯಾಮಪ್ಪ.

ಮಲಕಪ್ಪ ಬಸ್‌ಸ್ಟ್ಯಾಂಡಿಗೆ ಹೇಗೆ ಬಂದನೋ ಅವನಿಗೇ ತಿಳಿಯಲಿಲ್ಲ. ಆ ಆರು ದಿನ ದಾಂಡೇಲಿಯಲ್ಲಿ ಅವನಿಗೆ ಸಮಾಧಾನ ಹೇಳಲು ಬಾರದವರೇ ಇಲ್ಲ. ಒಬ್ಬರು ವಕೀಲರನ್ನು ಹಿಡಿಯಿರಿ ಎಂದರು. ಒಬ್ಬರು ಹುಡುಗಿಗೆ ಇನ್ನೂ ವಯಸ್ಸಿದೆ ಎಂದರು. ಕೆಂಚವ್ವ ಅವರಿಗೆ ಚಹಾ ಕೊಡುವುದನ್ನು ನಿಲ್ಲಿಸಿದಳು. ಶೇಂಗಾ ಹುರಿದು, ಎಳ್ಳು ಹುರಿದು, ಬೆಲ್ಲ ಕುಟ್ಟಿ, ಆಕೆ ಪಂಚಮಿಯ ಉಂಡಿ ಕಟ್ಟುತ್ತಲೇ ಇದ್ದಳು. ದೇವರ ಮುಂದೆ ಎರಡು ಹೊತ್ತು ದೀಪ ಉರಿಯಿತು.

ಎಂಟನೆಯ ದಿನ ಮಧ್ಯಾಹ್ನ ನಾಲ್ಕಕ್ಕೆ ಒಂದು ಟೆಂಪೋ ಬಂದು ಮಂಡಳದ ಎದುರು ನಿಂತಿತು. ಅದನ್ನು ಹೊಡೆದುಕೊಂಡು ಬಂದವನು ಅಳಿಯ ಜ್ಯೋತಿಬಾ. ಹಿಂದೆ ರೂಪಾಲಿ, ಗೋದುಬಾಯಿ, ಒಂದು ಟ್ರಂಕು. ದಾರಿಯಲ್ಲಿ ಟ್ರಂಕಿನ ಕೀಲು ಮುರಿದಿತ್ತು. ಜ್ಯೋತಿಬಾ ಅದರ ಮುಚ್ಚಳವನ್ನು ಎದೆಗೆ ಅವಚಿಕೊಂಡು ಇಳಿದ. ದ್ಯಾಮಪ್ಪ ತನ್ನ ಹಳೆಯ ಖಾಕಿ ಕೋಟು ಹಾಕಿದ್ದ.

ಒಳಗೆ ಕರಿಬಸಪ್ಪನವರೂ ತಗಾದೆಯ ಕಾಗದ ಹಿಡಿದ ಹತ್ತೆಂಟು ಜನರೂ ಇದ್ದರು. ದ್ಯಾಮಪ್ಪ ಯಾರನ್ನೂ ನೋಡದೆ ಮೇಜಿನ ತನಕ ನಡೆದ.

“ದ್ಯಾಮಪ್ಪ, ಹಳಿಯಾಳ. ರೂಪಾಲಿ, ಸಂಖ್ಯೆ ಒಂದು. ತೊಳದೈತಿ, ಒಣಗೇತಿ, ನೆಗ್ಗು ಇಲ್ಲ. ಮುಚ್ಚಳ ಇಕಾ. ನೋಡಿಕೊಂಡು ರಸೀದಿ ಕೊಡ್ರಿ.”

ಯಾರೂ ನಗಲಿಲ್ಲ. ರೂಪಾಲಿ ತಲೆ ತಗ್ಗಿಸಿರಲಿಲ್ಲ. ನೇರವಾಗಿ ತಂದೆಯನ್ನೇ ನೋಡುತ್ತಿದ್ದಳು. ಮಲಕಪ್ಪ ಹಣೆಯ ಬೆವರು ಒರೆಸಿ ಕಂಪ್ಯೂಟರಿನ ಮುಂದೆ ಕುಳಿತ. ತಗಾದೆಯನ್ನೇ ರದ್ದು ಮಾಡೋಣ ಎಂದು ಮಗಳ ಹೆಸರು ತೆಗೆದ. ಪರದೆಯ ಮೇಲೆ ಮೂರು ಸಾಲು ಮೂಡಿದವು. ದ್ಯಾಮಪ್ಪ ಅವನ ಹೆಗಲ ಮೇಲಿಂದ ಬಾಗಿ ಗಟ್ಟಿಯಾಗಿ ಓದಿದ:

“ಒಂದು, ಬಂತು. ಎರಡು, ಒಡೆಯಿತು. ಮೂರು, ಕಳೆಯಿತು.”

ಮಲಕಪ್ಪನೇ ಬರೆದ ಮೂರು ಸಾಲು. ಹಂಡೆಗೆ ಅಷ್ಟು ಸಾಕಾಗಿತ್ತು. ನಾಲ್ಕನೆಯ ದಾರಿ ಆ ಪ್ರೋಗ್ರಾಮಿನಲ್ಲಿ ಎಲ್ಲೂ ಇರಲಿಲ್ಲ.

“ಒಂದು ಒತ್ತಿಬಿಡು ಮಲಕಪ್ಪ” ಎಂದು ಕರಿಬಸಪ್ಪ ಅವಸರಿಸಿದರು. “ಬಂದಾಳಲ್ಲ, ಎದುರಿಗೇ ನಿಂತಾಳ. ರಸೀದಿ ಕೊಟ್ಟು ಕಳಸು, ಹಿಂದ ಮಂದಿ ನಿಂತಾರ.”

ಅಧ್ಯಕ್ಷರ ಮಾತಿಗೆ ಇಪ್ಪತ್ತು ವರ್ಷದಲ್ಲಿ ಮಲಕಪ್ಪ ಎದುರಾಡಿದ್ದಿಲ್ಲ. ಬೆರಳು ಒಂದರ ಗುಂಡಿಯ ಮೇಲೆ ಹೋಯಿತು. ಅಲ್ಲೇ ನಿಂತಿತು. ಒತ್ತಿದರೆ ಕಾಗದ ಬರುತ್ತದೆ. ಮಗಳು ತಿರುಗಿ ಬಂದಳು ಎಂದು ಅದರ ಮೇಲೆ ಇರುತ್ತದೆ. ಕೆಳಗೆ ತನ್ನ ಸಹಿ ಇರುತ್ತದೆ. ಈ ಮನುಷ್ಯ ಅದನ್ನು ಕಟ್ಟು ಹಾಕಿಸಿ ಗೋಡೆಗೆ ಹೊಡೆಯುತ್ತಾನೆ.

ಮಲಕಪ್ಪ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡ.

“ರಸೀದಿ ಕೊಡೂದಿಲ್ಲ” ಎಂದ.

“ಏನಂದ್ರಿ?”

“ಕೊಡೂದಿಲ್ರಿ ಬೀಗರ. ಇವತ್ತೂ ಇಲ್ಲ, ನಾಳೆನೂ ಇಲ್ಲ. ನನ್ನ ಮಗಳು ಹಬ್ಬಕ್ಕ ಬಂದಾಳ. ತಿರುಗಿ ಬಂದಿಲ್ಲ.”

ದ್ಯಾಮಪ್ಪನ ಮೀಸೆ ನಿಂತಲ್ಲೇ ನಿಂತಿತು. ಜ್ಯೋತಿಬಾ ಮುಚ್ಚಳವನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ.

“ರಸೀದಿ ಸಿಗದ ಮಾಲನ್ನ ಬಿಟ್ಟು ಹೋಗಂಗಿಲ್ಲ” ಎಂದ ದ್ಯಾಮಪ್ಪ ಕೊನೆಗೆ. ಸಿಟ್ಟಿನ ದನಿ ಅಲ್ಲ. ತೊಡಕಿನಲ್ಲಿ ಸಿಕ್ಕವನ ದನಿ. “ಅದು ನಿಯಮ. ರಸೀದಿ ಆಗೂ ತನಕ ಮಾಲು ತಂದವರ ಜವಾಬ್ದಾರಿ. ಅಲ್ಲೇ ಕುಂತು ಕಾಯಬೇಕು.”

“ಹಂಗಾದರ ಕಾಯ್ರಿ” ಎಂದಳು ಬಾಗಿಲಲ್ಲಿ ನಿಂತಿದ್ದ ಕೆಂಚವ್ವ. “ಇಲ್ಲಿ ಯಾಕ, ಮನಿಗೆ ಬಂದು ಕಾಯ್ರಿ. ಉಂಡಿ ಕಟ್ಟೇನಿ.”

ಹೀಗೆ ದ್ಯಾಮಪ್ಪ ಹೆಂಡತಿ, ಮಗನ ಸಮೇತ ಬೀಗರ ಎರಡು ಕೋಣೆಯ ಮನೆಯಲ್ಲಿ ಬಂದು ಕುಳಿತ. ಮೊದಲ ದಿನ ಗೋಡೆಯ ಕಡೆ ಮುಖ ಮಾಡಿ ಉಂಡ. ಮೊದಲ ಪಂಕ್ತಿಯಲ್ಲಿ ಅವನೊಬ್ಬನನ್ನೇ ಕೂರಿಸಿ, ಮಲಕಪ್ಪ ತಾನೇ ಬಡಿಸಿದ. ದ್ಯಾಮಪ್ಪ ಊಟ ಚೆನ್ನಾಗಿದೆ ಎನ್ನಲಿಲ್ಲ. ಎರಡು ಸಲ ಸಾರು ಹಾಕಿಸಿಕೊಂಡ. ಪಂಚಮಿಯ ದಿನ ನಾಗಪ್ಪನಿಗೆ ಹಾಲೆರೆದು ಬಂದ ಮೇಲೆ ಗೋದುಬಾಯಿಯೂ ಕೆಂಚವ್ವನೂ ಒಂದೇ ಜೋಕಾಲಿಯಲ್ಲಿ ಕುಳಿತರು; ಹಗ್ಗ ತಡೆಯುವುದೋ ಇಲ್ಲವೋ ಎಂದು ನೀಲಕ್ಕ ಓಣಿಯನ್ನೆಲ್ಲ ಕರೆದು ತೋರಿಸಿದಳು. ಆದರೂ ದಿನಕ್ಕೆ ಮೂರು ಹೊತ್ತು, ಊಟವಾಗಿ ಕೈ ಒರೆಸಿಕೊಂಡ ಕೂಡಲೇ, ದ್ಯಾಮಪ್ಪ ಕೇಳುತ್ತಿದ್ದ: “ರಸೀದಿ?”

“ಇಲ್ರಿ” ಎನ್ನುತ್ತಿದ್ದ ಮಲಕಪ್ಪ. ಬೀಗ ಸಿಟ್ಟಿಗೆದ್ದು ನಿಯಮ ಮುರಿದು ಸೊಸೆಯನ್ನು ಬಿಟ್ಟು ಎದ್ದುಹೋದರೆ ಎಲ್ಲ ಮುಗಿಯಿತು.

ಹಬ್ಬದ ಮರುದಿನ ಮಲಕಪ್ಪ ಪ್ರೋಗ್ರಾಮು ತಿದ್ದಲು ಮಂಡಳಕ್ಕೆ ಹೊರಟಾಗ, ಕಾಯುವ ಕೆಲಸ ಎಲ್ಲಿ ಮಾಡಿದರೇನು ಎಂದು ದ್ಯಾಮಪ್ಪನೂ ಹೊರಟ. ರೂಪಾಲಿ ಬುತ್ತಿ ಹಿಡಿದು ಬಂದಳು. ಮತ್ತೆ ನಾಲ್ಕು ಪ್ರೋಗ್ರಾಮು ಮಾಡದೆ ಗತಿಯಿಲ್ಲ ಎಂದು ಮಲಕಪ್ಪ ತಲೆ ಹಿಡಿದು ಕುಳಿತಿದ್ದ.

“ನಾಲ್ಕ ಯಾಕ?” ಎಂದ ದ್ಯಾಮಪ್ಪ, ಬೇರೆ ಕಡೆ ನೋಡುತ್ತ. “ನಮ್ಮ ಗೇಟಿನಾಗ ಒಂದ ದಫ್ತರ ಇತ್ತು. ಪಾಸು ಮಾತ್ರ ಎರಡ ನಮೂನಿ. ಮಾರಿದ ದಿಮ್ಮಿಗೆ ಬಿಳೇ ಪಾಸು, ಅದು ಹೋತು ಅಂದರ ಹೋತು. ಗರಗಸ, ಸರಪಳಿ ಇಂಥಾದ್ದಕ್ಕ ಹಳದಿ ಪಾಸು, ಅದು ತಿರುಗಿ ಬರಬೇಕು. ಮೊದಲ ಕೇಳೂದು ಅದನ್ನ. ನೀವು ಕೇಳೇ ಇಲ್ಲ.”

ಮಲಕಪ್ಪ ಪೆನ್ನಿಗೆ ಕೈ ಹಾಕಿದ. ಭಾಂಡೆ, ಪುಸ್ತಕ ಹಳದಿ. ರಕ್ತ ಬಿಳಿ, ಕೊಟ್ಟದ್ದು ಮುಗಿಯಿತು, ಕೇಳಬಾರದು. ಅವಸರದಲ್ಲಿ ಬರೆದುಕೊಂಡ. “ಮತ್ತ ಮದುವಿ? ಅದೂ ಬಿಳೇದ ಅಲ್ರಿ?”

“ಬಿಳೇದ ಅಂದರ ನಾ ಮಾರಿದ ದಿಮ್ಮಿ ಏನಪ್ಪಾ?” ಎಂದಳು ರೂಪಾಲಿ. ಇಷ್ಟು ದಿನ ಹಿಡಿದಿಟ್ಟದ್ದು ಈಗ ಬಂತು. “ಒಮ್ಮೆ ಹಂಡೆ ಮಾಡಿದಿ, ಈಗ ದಿಮ್ಮಿ ಮಾಡ್ತಿ. ಮಾವಾರು ಮಾಲು ಅಂತಾರ. ನನ್ನ ಕೂದಲ ಒಣಗೇತೋ ಇಲ್ಲೋ ಅಂತ ಎಲ್ಲಾರೂ ಕೇಳಿದರು. ನೀ ಏನಂತೀ ತಂಗಿ ಅಂತ ಒಬ್ಬರೂ ಕೇಳಲಿಲ್ಲ. ನಾ ಆ ‘ಏನು’ ಕಾಲಮಿನಾಗ ಇರಾಕಿ ಅಲ್ಲ. ‘ಯಾರು’ ಕಾಲಮಿನಾಗ ಹಾಕು. ಮನುಷ್ಯಾರು ಯಾರೂ ಆ ಕಾಲಮಿನಾಗ ಬರಬಾರದು.”

ದ್ಯಾಮಪ್ಪ ಕೆಮ್ಮಿದ. “ಹೌದು ಬೀಗರ” ಎಂದ. “ನಮ್ಮ ಗೇಟಿನಾಗೂ ಲಾರಿಯಾಗ ಕುಂತ ಮಂದಿಗೆ ಪಾಸು ಇರಲಿಲ್ಲ. ಅವರ ಹೆಸರ ಕೇಳಿ, ನಮಸ್ಕಾರ ಮಾಡಿ ಬಿಡತಿದ್ವಿ.”

ಮಲಕಪ್ಪ ಸಂಜೆಯ ತನಕ ಕುಳಿತು ಬರೆದ. ಪ್ರೋಗ್ರಾಮು ಒಂದೇ ಉಳಿಯಿತು, ನಾಲ್ಕಾಗಲಿಲ್ಲ. ಮೊದಲ ಪ್ರಶ್ನೆ: ಇದು ತಿರುಗಿ ಬರುವುದೋ? ಎರಡನೆಯ ನಿಯಮ: ಉಸಿರಾಡುವುದನ್ನು ‘ಏನು’ ಕಾಲಮಿನಲ್ಲಿ ಬರೆದರೆ ಮಶೀನು ಒಪ್ಪದು. ಆಮೇಲೆ ಹಳೆಯ ಯಾದಿಯನ್ನು ಒಂದೊಂದಾಗಿ, ನೂರಾ ಎಂಬತ್ತನ್ನೂ, ಬೆರಳಿಟ್ಟು ಓದಿದ.

ಮರುದಿನ ಬೆಳಿಗ್ಗೆ ದ್ಯಾಮಪ್ಪ ಖಾಕಿ ಕೋಟು ಹಾಕಿಕೊಂಡು ಅಂಗಳದಲ್ಲಿ ನಿಂತ.

“ಕಡೇ ಸಲ ಕೇಳ್ತೇನಿ. ರಸೀದಿ ಕೊಡ್ತೀರೋ ಇಲ್ಲೋ?”

“ಇಲ್ರಿ.”

“ಹಂಗಾದರ ಮೂರ ದಿನ ಕಾದರೂ ರಸೀದಿ ಆಗದ್ದು ಎಲ್ಲಿಂದ ಹೊಂಟಿತ್ತೋ ಅಲ್ಲಿಗೇ ತಿರುಗಿ ಒಯ್ಯಬೇಕು. ಅದೂ ನಿಯಮ” ಎಂದು ದ್ಯಾಮಪ್ಪ ಸೊಸೆಯ ಕಡೆ ತಿರುಗಿದ. “ನೀ ಏನಂತೀ ತಂಗಿ? ಹೋಗೂಣೇನು?”

ಕೆಂಚವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಜ್ಯೋತಿಬಾ ಟೆಂಪೋದ ಬಾಗಿಲು ತೆರೆದು ಹಿಡಿದುಕೊಂಡೇ ನಿಂತಿದ್ದ.

“ಹೋಗೂಣು ನಡೀರಿ” ಎಂದಳು ರೂಪಾಲಿ. “ನಾ ಮುಂದ ಕುಂಡ್ರತೇನಿ. ಹಿಂದ ಕುಂತರ ಟ್ರಂಕು ಬಡೀತೈತಿ.”

ದ್ಯಾಮಪ್ಪ ತಾನೇ ಟ್ರಂಕಿನ ಪಕ್ಕಕ್ಕೆ ಹತ್ತಿದ. ಕೆಂಚವ್ವ ಉಂಡಿಯ ಡಬ್ಬಿಯನ್ನು ಅವನ ತೊಡೆಯ ಮೇಲೆ ಇಟ್ಟಳು. ಟೆಂಪೋ ಹೊರಡುವಾಗ ಅವನು ಹೊರಗೆ ಬಾಗಿ, ಹೆಂಗಸರಿಗೆ ಕೇಳದ ಹಾಗೆ, ಮಲಕಪ್ಪನನ್ನು ಹತ್ತಿರ ಕರೆದ.

“ಬೀಗರ, ದೀಪಾವಳಿಗೆ ಮತ್ತೊಂದ ಕಾಗದ ಹಾಕ್ರಿ. ಬರವಣಗಿ ಇಲ್ಲದ ನನಗ ಮನಿ ಬಿಟ್ಟು ಹೊಂಡಾಕ ಆಗೂದಿಲ್ಲ.”

“ಹಾಕ್ತೇನ್ರಿ. ಯಾರ ಹೆಸರಿಗೆ ಹಾಕ್ಲಿ?”

ದ್ಯಾಮಪ್ಪ ಮುಂದೆ ಕುಳಿತ ಸೊಸೆಯ ಬೆನ್ನನ್ನು ಒಮ್ಮೆ ನೋಡಿದ.

“ಆಕಿ ಹೆಸರಿಗೆ ಹಾಕ್ರಿ. ಜೊತಿಗೆ ಮಾವನ್ನ ಕರಕೊಂಡು ಬಾ ಅಂತ ಬರೀರಿ.”